ಶೆಟ್ರು ಹೇಳಿದ ಬೆಲೆ

ನಾನು ಒಂದು ಆಟದ ಬಂದೂಕು. ದೂರದಿಂದ ನೋಡಿದರೆ ಸೈನಿಕರ ರೈಫಲ್ಲಿನಂತೆಯೇ ಕಾಣುತ್ತೇನೆ. ನನ್ನಿಂದ ಹೊರಡುವುದು ಮಾತ್ರ ಬಟಾಣಿಗಿಂತ ಚಿಕ್ಕದಾದ ಬಿಳಿ ಪ್ಲಾಸ್ಟಿಕ್ ಗುಂಡು. ತಗುಲಿದ ಕಡೆ ಚುರ್ ಎನ್ನುತ್ತದೆ, ಅಷ್ಟೆ. ನಾನು ಯಾರನ್ನೂ ಕೊಂದಿಲ್ಲ. ಆದರೆ ಒಬ್ಬ ಮನುಷ್ಯನ ಹೆಸರು ನನ್ನಿಂದಾಗಿ ಹಾಳಾಗುವುದರಲ್ಲಿತ್ತು.

ದೂರದ ಯಾವುದೋ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಉದ್ದನೆಯ ಮೇಜಿನ ಮುಂದೆ ಕುಳಿತ ಹೆಂಗಸೊಬ್ಬಳು ನನ್ನ ಹೊಟ್ಟೆಯೊಳಗೆ ಹಲ್ಲುಚಕ್ರಗಳನ್ನು ಕೂರಿಸಿದಳು, ಬೆರಳಿನಿಂದ ಗ್ರೀಸ್ ಸವರಿದಳು, ಸ್ಪ್ರಿಂಗನ್ನು ಅದುಮಿ ತುರುಕಿದಳು. ಆ ಹೊಟ್ಟೆಗೆ ಗೇರ್‌ಬಾಕ್ಸ್ ಎನ್ನುತ್ತಾರೆ. ಮುಚ್ಚುವ ಮೊದಲು ಅವಳು ತಲೆ ಬಾಗಿಸಿ ಒಂದು ಸಲ ಒಳಗೆ ನೋಡಿದಳು. ಆಮೇಲೆ ಎಷ್ಟೋ ವರ್ಷ ಅಲ್ಲಿ ಯಾರೂ ನೋಡಲಿಲ್ಲ.

ನನ್ನನ್ನು ಮೊದಲು ಕೊಂಡವರು ಮಂಗಳೂರಿನ ಯತಿರಾಜ ಶೆಟ್ಟರು. ನದಿಯ ದಂಡೆಯಲ್ಲಿ ಮುಚ್ಚಿಹೋದ ಹೆಂಚಿನ ಕಾರ್ಖಾನೆಯೊಂದನ್ನು ಅವರು ಆಟದ ಮೈದಾನ ಮಾಡಿದ್ದರು. ಹೆಂಚು ಒಣಗಿಸುವ ಸಾಲು ಅಟ್ಟಣಿಗೆಗಳ ನಡುವೆ, ಮುರಿದ ಹೆಂಚಿನ ರಾಶಿಗಳ ಹಿಂದೆ, ಪ್ರತಿ ಭಾನುವಾರ ಎರಡು ತಂಡಗಳು ಅಡಗಿ ಕುಳಿತು ಒಬ್ಬರನ್ನೊಬ್ಬರು ಬೇಟೆಯಾಡುತ್ತಿದ್ದವು. ನಮ್ಮ ಗುಂಡು ಬಟ್ಟೆಯ ಮೇಲೆ ಗುರುತು ಬಿಡುವುದಿಲ್ಲ. ಏಟು ತಿಂದವನೇ ಕೈ ಎತ್ತಿ ಹೊರಗೆ ನಡೆಯಬೇಕು. ಅಲ್ಲಿ ಎಲ್ಲವೂ ನಂಬಿಕೆಯ ಮೇಲೆ ನಡೆಯುತ್ತಿತ್ತು.

ಹಳೆಯ ಬಂದೂಕುಗಳ ವ್ಯಾಪಾರವೂ ಅಲ್ಲೇ, ಗೇಟಿನ ಬಳಿಯ ಮೇಜಿನ ಮೇಲೆ, ಎಲ್ಲರೆದುರು ನಡೆಯುತ್ತಿತ್ತು. ಮಾರುವವನು ಮೊದಲು ತನ್ನ ಬಂದೂಕಿನ ಹುಳುಕು ಹೇಳಬೇಕು. ಆಮೇಲೆ ಶೆಟ್ಟರು ಬೆಲೆ ಹೇಳುತ್ತಾರೆ. ಹೊಸದರ ಅರ್ಧ ಬೆಲೆಯಿಂದ ಲೆಕ್ಕ ಶುರು. ಸರಿಯಾಗಿ ನೋಡಿಕೊಂಡಿದ್ದರೆ ಸ್ವಲ್ಪ ಮೇಲೆ, ದುರಸ್ತಿ ಕಂಡಿದ್ದರೆ ಕೆಳಗೆ. ಮಾರುವವನು ತನ್ನ ಶೋಕಿಗೆ ಹಾಕಿಸಿದ ದುಬಾರಿ ಸಾಮಾನಿಗೆ ಒಂದು ರೂಪಾಯಿಯೂ ಇಲ್ಲ. “ನಿನ್ನ ಶೋಕಿಗೆ ಅವನು ಯಾಕೆ ದುಡ್ಡು ಕೊಡ್ಬೇಕು ಮಾರಾಯ?” ಎನ್ನುತ್ತಿದ್ದರು. ಅವರು ಹೇಳಿದ ಬೆಲೆಗೆ ಎದುರಾಡಿದವರಿಲ್ಲ. ನನಗೂ ಅವರ ಬಗ್ಗೆ ಹೆಮ್ಮೆಯಿತ್ತು.

ಒಂದು ಮಳೆಗಾಲ, ಹುಡುಗರ ಹೊಸ ಬಂದೂಕುಗಳು ತಮ್ಮದಕ್ಕಿಂತ ದೂರ ಹೊಡೆಯುವುದನ್ನು ಕಂಡು ಶೆಟ್ಟರಿಗೆ ಸಹಿಸಲಾಗಲಿಲ್ಲ. ನನ್ನ ಬೆನ್ನ ಕಡೆಯ ತಿರುಪು ತೆಗೆದರೆ ಹೊಟ್ಟೆ ಬಿಚ್ಚದೆಯೇ ಸ್ಪ್ರಿಂಗ್ ಬದಲಾಯಿಸಬಹುದು. ಅವರು ನನ್ನ ಅಳವಿಗೆ ಮೀರಿದ ಗಡಸು ಸ್ಪ್ರಿಂಗ್ ತುರುಕಿದರು. ಪ್ರತಿ ಹೊಡೆತಕ್ಕೂ ನನ್ನ ಎದೆಗೂಡಿಗೆ ಒಳಗಿನಿಂದ ಸುತ್ತಿಗೆ ಬಿದ್ದಂತಾಗುತ್ತಿತ್ತು. ಒಂದು ಮಧ್ಯಾಹ್ನ ಒಳಗೆ ಟಿಕ್ ಎಂದಿತು. ನನ್ನ ಗೇರ್‌ಬಾಕ್ಸಿನ ಮುಂಭಾಗ ಕೂದಲೆಳೆಯಷ್ಟು ಸೀಳಿತ್ತು.

ಶೆಟ್ಟರಿಗೆ ಅದು ಕೇಳಿಸಿತು. ಅವರ ಬೆರಳು ನನ್ನ ಟ್ರಿಗರ್‌ನಿಂದ ಥಟ್ಟನೆ ಸರಿಯಿತು. ಅಕ್ಕಪಕ್ಕ ನೋಡಿದರು. ಮನೆಗೆ ಒಯ್ದು ಗಡಸು ಸ್ಪ್ರಿಂಗ್ ತೆಗೆದರು, ಹಳೆಯದನ್ನು ಹಾಕಿದರು, ತಿರುಪು ಬಿಗಿದರು. ಹೊಟ್ಟೆ ಬಿಚ್ಚಿ ನೋಡಲು ಹೆಚ್ಚೆಂದರೆ ಅರ್ಧ ಗಂಟೆ ಸಾಕಿತ್ತು. ಅವರು ನೋಡಲಿಲ್ಲ. ನೋಡಿದ್ದರೆ ಹೇಳಬೇಕಾಗುತ್ತಿತ್ತು.

ಮುಂದಿನ ತಿಂಗಳು ಬೇಕರಿ ನಡೆಸುವ ಲ್ಯಾನ್ಸಿ ಲೋಬೊ ನನ್ನನ್ನು ಕೊಳ್ಳಲು ಕೇಳಿದ. “ಹುಳುಕೆಂತ ಇಲ್ಲ” ಎಂದರು ಶೆಟ್ಟರು. ಹದಿನೈದು ಸಾವಿರ ಎಂದರು. ಲ್ಯಾನ್ಸಿ ಚೌಕಾಸಿ ಮಾಡಲಿಲ್ಲ.

ಲ್ಯಾನ್ಸಿಯ ಕೈಯಲ್ಲಿ ನಾನು ಎರಡು ವರ್ಷ ಸುಖವಾಗಿದ್ದೆ. ಚರ್ಚಿನ ಪೂಜೆ ಮುಗಿಸಿ ಇಗರ್ಜಿಯಿಂದ ನೇರ ಮೈದಾನಕ್ಕೆ ಬರುತ್ತಿದ್ದ. ಅವನ ಕೈಗೆ ಯಾವಾಗಲೂ ಬೆಣ್ಣೆ ಬಿಸ್ಕತ್ತಿನ ವಾಸನೆ. ಆಟದಲ್ಲಿ ಏಟು ಬಿದ್ದಾಗ ಎಲ್ಲರಿಗಿಂತ ಮೊದಲು ಕೈ ಎತ್ತುವವನು ಅವನೇ. ಆ ಗುಣಕ್ಕಾಗಿಯೇ ಶೆಟ್ಟರು ಒಂದು ದಿನ ಎಲ್ಲರೆದುರು ಹೇಳಿದರು: “ನನಗೆ ಇನ್ನು ಓಡಾಡ್ಲಿಕ್ಕೆ ಆಗುದಿಲ್ಲ. ಮುಂದಿನ ಹಂಗಾಮಿನಿಂದ ಮೈದಾನ ಲ್ಯಾನ್ಸಿ ನೋಡಿಕೊಳ್ಳಲಿ. ನೀವೆಲ್ಲ ಒಪ್ಪಿದ್ರೆ.” ಎಲ್ಲರೂ ಒಪ್ಪಿದರು. ಲ್ಯಾನ್ಸಿ ಆ ದಿನ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಸಿಳ್ಳೆ ಹಾಕಿದ. ಹುಡುಗನಾಗಿದ್ದಾಗಿನಿಂದ ಅವನು ಬಯಸಿದ್ದು ಅದೊಂದೇ ಎಂದು ನನಗೆ ಆಗ ತಿಳಿಯಿತು.

ಮೈದಾನ ನಡೆಸುವವನು ಆಟದ ತೀರ್ಪನ್ನೂ ಹೇಳಬೇಕು, ತೀರ್ಪು ಹೇಳುತ್ತ ತಾನೂ ಆಡುವುದು ಲ್ಯಾನ್ಸಿಗೆ ಸರಿಕಾಣಲಿಲ್ಲ. ಹಾಗಾಗಿ ನನ್ನನ್ನು ಮಾರಲು ತಂದ. ಕೊಳ್ಳಲು ಬಂದವಳು ನೌಶೀನ್. ಆಸ್ಪತ್ರೆಯೊಂದರಲ್ಲಿ ನರ್ಸ್, ಮಾತು ಚುರುಕು.

“ಹುಳುಕು ಹೇಳಿ ಲ್ಯಾನ್ಸಣ್ಣ.”

“ಎಂತದೂ ಇಲ್ಲ. ಹದಿನಾಲ್ಕಕ್ಕೆ ಕೊಡ್ತೇನೆ.”

ಶೆಟ್ಟರು ಕುರ್ಚಿಯಲ್ಲಿ ಕೂತಿದ್ದರು. ಬೆಲೆ ಹೇಳಬೇಕಾದವರು ಒಪ್ಪಿದಂತೆ ಬರೀ ತಲೆಯಾಡಿಸಿದರು.

ನೌಶೀನ್ ನನ್ನನ್ನು ಭುಜಕ್ಕಿಟ್ಟು ಗೋಡೆಗೆ ಹೊಡೆದಳು. ಮತ್ತೆ ಹೊಡೆದಳು. ನಾನು ಉಸಿರು ಬಿಗಿಹಿಡಿದೆ. ಆದರೆ ಸೀಳು ಅಷ್ಟರಲ್ಲಿ ಬೆಳೆದಿತ್ತು. ಟಿಕ್ ಎನ್ನುವುದು ಈಗ ನನ್ನ ಅಂಕೆಯಲ್ಲಿರಲಿಲ್ಲ. ಅವಳು ಕಿವಿ ಹತ್ತಿರ ತಂದಳು.

“ಒಳಗೆ ಎಂತದೋ ಸದ್ದು ಉಂಟಲ್ಲ? ಬಿಚ್ಚುವಾ.”

“ಬಿಚ್ಚು. ನಾನಂತೂ ಒಮ್ಮೆಯೂ ಬಿಚ್ಚಲಿಲ್ಲ,” ಎಂದು ಲ್ಯಾನ್ಸಿ ನಕ್ಕ.

ತಿರುಪುಗಳು ಒಂದೊಂದಾಗಿ ಮೇಜಿನ ಮೇಲೆ ಬಿದ್ದವು. ಆಟ ನಿಲ್ಲಿಸಿ ಜನ ಸುತ್ತ ನೆರೆದರು. ಮುಚ್ಚಳ ಎದ್ದಿತು. ನೌಶೀನ್ ಬಟ್ಟೆಯಿಂದ ಗ್ರೀಸ್ ಒರೆಸಿದಳು. ಸೀಳು ಕಂಡಿತು. ಅದರೊಳಗೆ ಕಪ್ಪು ಕಿಟ್ಟ ಕಟ್ಟಿತ್ತು.

“ಇದು ಇವತ್ತಿನದ್ದಲ್ಲ, ಹಳೆಯದ್ದು. ಗೊತ್ತೇ ಇಲ್ಲ ಅಂದ್ರೆ ಯಾರು ನಂಬುದು ಲ್ಯಾನ್ಸಣ್ಣ?”

ಹಿಂದಿನಿಂದ ಯಾರೋ ಅಂದರು: “ಒಳಗೆ ಬೆಂದಿದಾ ಇಲ್ವಾ ಅಂತ ಬೇಕರಿಯವರಿಗೆ ಹೊರಗಿನಿಂದಲೇ ಗೊತ್ತಾಗ್ತದೆ ಮಾರಾಯ್ತಿ!” ಕೆಲವರು ನಕ್ಕರು. “ಇವರ ಕೈಗೆ ಮೈದಾನ ಕೊಡುದಾ?” ಎಂದಿತು ಇನ್ನೊಂದು ದನಿ. ಅದಕ್ಕೆ ಯಾರೂ ನಗಲಿಲ್ಲ.

ಲ್ಯಾನ್ಸಿ ಸೀಳನ್ನೇ ನೋಡುತ್ತಿದ್ದ. ಇಂಥ ಸೀಳು ಬರುವುದು ಗಡಸು ಸ್ಪ್ರಿಂಗಿನಿಂದಲೇ, ಅದನ್ನು ಹಾಕಿದವನು ತಾನಲ್ಲವೆಂದು ಅವನಿಗೆ ಗೊತ್ತಿತ್ತು. ತನಗಿಂತ ಮೊದಲು ನಾನು ಯಾರ ಕೈಯಲ್ಲಿದ್ದೆ ಎಂಬುದೂ ಗೊತ್ತಿತ್ತು. ನಿಧಾನವಾಗಿ ತಲೆ ಎತ್ತಿ ಶೆಟ್ಟರನ್ನು ನೋಡಿದ. ಶೆಟ್ಟರು ಕಾರ್ಖಾನೆಯ ಹಳೆಯ ಚಿಮಣಿಯನ್ನು ನೋಡುತ್ತಿದ್ದರು.

“ಶೆಟ್ರೇ, ಇದಕ್ಕೀಗ ಎಷ್ಟು? ನೀವೇ ಹೇಳಿ,” ಎಂದಳು ನೌಶೀನ್.

ನಿಜ ಹೇಳಲು ಶೆಟ್ಟರಿಗೆ ಒಂದು ಮಾತು ಸಾಕಿತ್ತು.

“ಎರಡು ಸಾವಿರ,” ಎಂದರು. “ಬಿಡಿಭಾಗದ ಬೆಲೆ.”

ಲ್ಯಾನ್ಸಿಯ ತುಟಿ ಅಲುಗಿತು. ಈಗ ಶೆಟ್ಟರ ಹೆಸರು ಹೇಳಿದರೆ, ಸಿಕ್ಕಿಬಿದ್ದವನು ಹಿರಿಯರ ಮೇಲೆ ಹೊರಿಸುತ್ತಿದ್ದಾನೆ ಎಂದಾಗುತ್ತಿತ್ತು. ಅವನು ನನ್ನ ಭಾಗಗಳನ್ನೆಲ್ಲ ಬ್ರೆಡ್ಡಿನ ಖಾಲಿ ಕವರಿಗೆ ತುಂಬಿದ. “ಮೈದಾನಕ್ಕೆ ಬೇರೆ ಯಾರನ್ನಾದ್ರೂ ನೋಡಿ,” ಎಂದು ಹೊರಟುಹೋದ.

ಬೇಕರಿಯಲ್ಲಿ, ಮೈದಾ ಡಬ್ಬಗಳ ಮೇಲಿನ ಹಲಗೆಯಲ್ಲಿ ನಾನು ಬಿದ್ದುಕೊಂಡೆ. ಭಾನುವಾರಗಳು ಬಂದುಹೋದವು, ಲ್ಯಾನ್ಸಿ ಇಗರ್ಜಿಯಿಂದ ನೇರ ಅಂಗಡಿಗೆ ಬರುತ್ತಿದ್ದ. ಸಿಳ್ಳೆ ಕೇಳಲಿಲ್ಲ.

ಒಂದು ಸಂಜೆ ಶೆಟ್ಟರು ಬಂದರು. ಗಿರಾಕಿಗಳು ಕರಗುವವರೆಗೂ ಗಾಜಿನ ಪೆಟ್ಟಿಗೆಯೊಳಗಿನ ಪಫ್ಸ್ ನೋಡುತ್ತ ನಿಂತರು.

“ಆ ಬಂದೂಕು ನನಗೆ ಕೊಡು ಲ್ಯಾನ್ಸಿ. ಹದಿನಾಲ್ಕು ತಂದಿದ್ದೇನೆ.”

“ಅದರ ಬೆಲೆ ನೀವೇ ಹೇಳಿದ್ದೀರಲ್ಲ ಶೆಟ್ರೇ. ಎರಡು ಸಾವಿರ.”

“ಅದು ಅವತ್ತು...”

“ಇವತ್ತೂ ಅಷ್ಟೇ.” ಲ್ಯಾನ್ಸಿ ಕವರನ್ನು ಇಳಿಸಿ ಗಲ್ಲಾಪೆಟ್ಟಿಗೆಯ ಮೇಲಿಟ್ಟ. ಅವನ ದನಿ ತಗ್ಗಿತ್ತು. “ಮತ್ತೆ, ಹೇಳದೆ ಮಾರಿದೆ ಅಂತ ಆಗ್ಬಾರ್ದು. ಒಳಗೆ ಒಂದು ಬಿರುಕು ಉಂಟು. ನೋಡಿ ತಗೊಳ್ಳಿ.”

ಶೆಟ್ಟರು ಕೊನೆಗೆ ಎರಡು ಸಾವಿರ ಎಣಿಸಿಟ್ಟು, ಉಳಿದ ನೋಟುಗಳನ್ನು ಜೇಬಿಗೆ ಹಾಕಿಕೊಂಡು, ನನ್ನನ್ನು ಎದೆಗೆ ಅವಚಿಕೊಂಡು ಮನೆಗೆ ನಡೆದರು. ದಾರಿಯುದ್ದಕ್ಕೂ ಕವರಿನೊಳಗೆ ನನ್ನ ತಿರುಪುಗಳು ಕಿಣಿಕಿಣಿ ಅಲುಗುತ್ತಿದ್ದವು.

ಆ ಭಾನುವಾರ ಅವರು ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬಂದರು. ಗೇಟಿನ ಮೇಜಿನ ಮೇಲೆ ನನ್ನ ಗೇರ್‌ಬಾಕ್ಸನ್ನು ತೆರೆದಿಟ್ಟು, ಸೀಳು ಕಾಣುವಂತೆ ತಿರುಗಿಸಿ, ಪಕ್ಕದಲ್ಲೇ ಕೂತರು. ಬಂದವರು ನೋಡಿ ಒಳಗೆ ಹೋದರು. ನೌಶೀನ್ ಮಾತ್ರ ನಿಂತಳು.

“ಇದು ಲ್ಯಾನ್ಸಣ್ಣಂದಲ್ವಾ?”

“ಅಲ್ಲ. ನನ್ನದು.”

“ಯಾವಾಗ ತಗೊಂಡ್ರಿ?”

ಶೆಟ್ಟರು ಕನ್ನಡಕ ತೆಗೆದರು. “ಬಿರುಕು ಬಿಡುವ ಮೊದಲೇ. ಬಿಟ್ಟದ್ದು ನನ್ನ ಕೈಯಲ್ಲಿ. ಸದ್ದು ನನಗೆ ಕೇಳಿಸಿತ್ತು.”

ಒಳಗೆ ಹೋದವರೂ ಅಷ್ಟರಲ್ಲಿ ತಿರುಗಿ ಬಂದು ನಿಂತಿದ್ದರು. ನೌಶೀನ್ ಬೈಯುತ್ತಾಳೆಂದು ನಾನು ಕಾದೆ. ಅವಳು ಸ್ಕೂಟರಿನ ಕೀಲಿ ತೆಗೆದಳು.

“ಹತ್ತಿ.”

“ಎಲ್ಲಿಗೆ?”

“ಬೇಕರಿಗೆ. ನಾನು ಅವರಿಗೆ ಹೇಳಿದ ಮಾತೂ ಸಣ್ಣದಲ್ಲ. ಆದ್ರೆ ನಾನೊಬ್ಬಳೇ ಕರೆದ್ರೆ ಬರುದಿಲ್ಲ ಅವರು.”

ಶೆಟ್ಟರು ಪಂಚೆ ಎತ್ತಿ ಕಟ್ಟಿ, ಕಷ್ಟಪಟ್ಟು ಅವಳ ಹಿಂದೆ ಹತ್ತಿದರು. ನನ್ನನ್ನು ಮುಚ್ಚಿಡಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಲ್ಯಾನ್ಸಿ ಆ ದಿನ ಬರಲಿಲ್ಲ, ಮುಂದಿನ ವಾರವೂ ಇಲ್ಲ. ಮೂರನೆಯ ಭಾನುವಾರ ಬಂದ. ಈಗ ಗೇಟು ತೆರೆಯುವುದು ಅವನೇ. ಶೆಟ್ಟರು ಒಮ್ಮೊಮ್ಮೆ ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಲ್ಯಾನ್ಸಿ ಚಾ ತಂದಿಡುತ್ತಾನೆ. ಮೊದಲಿನಷ್ಟು ಮಾತಿಲ್ಲ. ಬೆಲೆ ಕೇಳಿದವರಿಗೆ ಶೆಟ್ಟರು ಲ್ಯಾನ್ಸಿಯ ಕಡೆ ಕೈ ತೋರಿಸುತ್ತಾರೆ.

ನಾನು ಇನ್ನು ಗುಂಡು ಹಾರಿಸುವುದಿಲ್ಲ. ಗೇಟಿನ ಬಳಿಯ ಹಲಗೆಯ ಮೇಲೆ ತೆರೆದುಕೊಂಡೇ ಮಲಗಿದ್ದೇನೆ. ಧೂಳು ಬೀಳುತ್ತದೆ, ಆಗಾಗ ಇರುವೆ ಹರಿಯುತ್ತದೆ. ಮಾರಲು ಬಂದವರು ನನ್ನ ಮುಂದೆ ಒಂದು ಕ್ಷಣ ನಿಲ್ಲುತ್ತಾರೆ. ಆಮೇಲೆ ಕೆಲವರು, ಲ್ಯಾನ್ಸಿ ಕೇಳುವ ಮೊದಲೇ, ತಮ್ಮ ಬಂದೂಕನ್ನು ತಾವೇ ಬಿಚ್ಚತೊಡಗುತ್ತಾರೆ.