ಚಂದ್ರಗುತ್ತಿಗೆ ಹೋದ ಕರೆ

ಶಿಕಾರಿಪುರದ ತಾಲ್ಲೂಕು ಕಚೇರಿ ಎದುರು ನೀಲಾಂಬಿಕ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟು ಹನ್ನೆರಡು ವರ್ಷ. ಪಹಣಿ, ಜಾತಿ ಪ್ರಮಾಣಪತ್ರದ ಜೊತೆಗೆ ಪಾಸ್‌ಪೋರ್ಟ್ ಅರ್ಜಿಯನ್ನೂ ತುಂಬಿಕೊಡುತ್ತಿದ್ದಳು. ತಾನು ಒಮ್ಮೆಯೂ ವಿಮಾನ ಹತ್ತಿದವಳಲ್ಲ. ಆದರೆ ಹೋಗಿಬಂದವರನ್ನು ಕೇಳಿ ಕೇಳಿ, ಹೊರಡುವವರಿಗೆ ಬುದ್ಧಿ ಹೇಳುವಷ್ಟು ತಿಳಿದುಕೊಂಡಿದ್ದಳು. ಪಾಸ್‌ಪೋರ್ಟಿನ ಜೆರಾಕ್ಸ್ ಬೇರೆ ಚೀಲದಲ್ಲಿರಲಿ. ಮಾತ್ರೆ ಒಯ್ಯುವುದಾದರೆ ಡಾಕ್ಟರ ಚೀಟಿ ಜೊತೆಗಿರಲಿ. ಗಲ್ಫ್ ಕಡೆಗೆ ಗಸಗಸೆ ಒಯ್ಯಬೇಡಿ, ಹಿಡಿಯುತ್ತಾರೆ. ಯಾರೋ ಕೊಟ್ಟ ಗಂಟನ್ನು ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ಇಷ್ಟು ಹೇಳಿ ಕೊನೆಗೊಂದು ಕಾರ್ಡು ಕೊಡುತ್ತಿದ್ದಳು. ಹೆಸರು, ರಕ್ತದ ಗುಂಪು, ಮನೆಯವರ ನಂಬರು, ಎಲ್ಲ ಇಂಗ್ಲಿಷಿನಲ್ಲಿ, ಲ್ಯಾಮಿನೇಟ್ ಮಾಡಿದ್ದು.

“ಮೊಬೈಲ್ ಕೆಟ್ಟೋದ್ರೂ ಇದು ಇರ್ತೈತ್ರೀ,” ಎಂದು ಮಹಾಂತೇಶನಿಗೂ ಹೇಳಿದ್ದಳು. ಆನವಟ್ಟಿ ಹತ್ತಿರದ ಊರಿನವನು ಆತ. ಲಾರಿ ಓಡಿಸಲು ಒಮಾನಿಗೆ ಹೊರಟಿದ್ದ.

ಎಂಟು ತಿಂಗಳ ಮೇಲೆ ಅವನ ಹೆಂಡತಿ ಜಗದಾಂಬ ಅಂಗಡಿಗೆ ಬಂದಳು. ಮಹಾಂತೇಶ ಅಲ್ಲೇ ತೀರಿಕೊಂಡಿದ್ದ. ಮಣ್ಣೂ ಆಗಿ ತಿಂಗಳಾಗಿತ್ತು. ಅಲ್ಲಿನ ಮರಣಪತ್ರ ಇಟ್ಟು ಇಲ್ಲಿ ವಿಧವಾ ವೇತನಕ್ಕೆ ಅರ್ಜಿ ಹಾಕಬೇಕಿತ್ತು.

“ಹನ್ನೊಂದು ದಿನ ಆಸ್ಪತ್ರೆಯಾಗಿದ್ರಂತ್ರೀ ಅಕ್ಕಾ. ಜ್ವರ ತಲೆಗೇರಿತ್ತಂತೆ. ಇವರ ಫೋನ್ ಹತ್ತಲಿಲ್ಲ, ಮರುಭೂಮಿಯಾಗೆ ಡ್ಯೂಟಿ ಬಿದ್ದಿರಬೇಕು ಅಂದ್ಕೊಂಡು ಸುಮ್ನಿದ್ದೆ. ಕಂಪನಿಯೋರು ತಿಳಿಸಿದ್ದು ಜೀವ ಹೋದ್ಮೇಲೇನೆ. ಅದಕ್ಕೂ ಮೊದ್ಲು ಒಬ್ರಾದ್ರೂ ನಂಗೊಂದು ಫೋನ್ ಮಾಡಬಾರದಿತ್ತಾ?”

ಪಾಸ್‌ಪೋರ್ಟಿನೊಳಗಿಂದ ಕಾರ್ಡು ಜಾರಿ ಮೇಜಿನ ಮೇಲೆ ಬಿತ್ತು. ಅರ್ಜಿಯಲ್ಲಿ ಜಗದಾಂಬಳ ನಂಬರು ಟೈಪ್ ಮಾಡುತ್ತಿದ್ದ ನೀಲಾಂಬಿಕ ಅದರತ್ತ ನೋಡಿದಳು. ನಂಬರಿನ ಕೊನೆಗೆ ನಲವತ್ತಾರು ಇರಬೇಕಾದಲ್ಲಿ ಅರವತ್ತನಾಲ್ಕು ಎಂದಿತ್ತು. ಬರೆದವಳು ಅವಳೇ.

ಏನೂ ಹೇಳದೆ ಪ್ರಿಂಟ್ ತೆಗೆದುಕೊಟ್ಟು ಕಳಿಸಿದಳು. ಆಮೇಲೆ ಕಂಪ್ಯೂಟರಿನಲ್ಲಿದ್ದ ಹಳೆಯ ಕಾರ್ಡುಗಳನ್ನೆಲ್ಲ ತೆರೆದು ಒಂದೊಂದೇ ನಂಬರು ತಾಳೆ ನೋಡಿದಳು. ಎಲ್ಲವೂ ಸರಿಯಿದ್ದವು, ಅದೊಂದನ್ನು ಬಿಟ್ಟು. ಅಂಗಡಿಯಲ್ಲಿ ಯಾರೂ ಇಲ್ಲದಾಗ ಬಾಗಿಲಲ್ಲಿ ಮಹಾಂತೇಶ ಕಾರ್ಡು ಹಿಡಿದು ನಿಂತಂತೆ ಅನಿಸುತ್ತಿತ್ತು. ಐದನೆಯ ದಿನ ಮಧ್ಯಾಹ್ನ ಆ ತಪ್ಪು ನಂಬರಿಗೆ ತಾನೇ ಫೋನ್ ಮಾಡಿದಳು.

ಎತ್ತಿದ್ದು ಚಂದ್ರಗುತ್ತಿಯ ಬಂಗಾರಮ್ಮ ಎಂಬ ಮುದುಕಿ. ಆನವಟ್ಟಿ ಸಂತೆಯಲ್ಲಿ ಜಗದಾಂಬಳ ಸಿಮ್ ಇದ್ದ ಕಟ್ಟಿನಿಂದಲೇ ಮಾರಿದ ಸಿಮ್‌ಗಳಲ್ಲಿ ಅವಳದೂ ಒಂದು. ನೀಲಾಂಬಿಕ ಮಹಾಂತೇಶನ ಹೆಸರು ಎತ್ತಿದಳು.

“ಅವ್ರು ಆರಾಮಾದ್ರೇನೆ?” ಎಂದಳು ಮುದುಕಿ.

ನೀಲಾಂಬಿಕ ಮರುದಿನವೇ ಜಗದಾಂಬಳ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡಳು. ಜಗದಾಂಬ ಬೈಯಲಿಲ್ಲ, ಅಳಲಿಲ್ಲ. “ಆ ಅಮ್ಮನ ಹತ್ರ ಕರ್ಕೊಂಡು ಹೋಗ್ರೀ,” ಎಂದಷ್ಟೇ ಅಂದಳು.

ಬಂಗಾರಮ್ಮ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದಳು.

“ದಿನಾ ಒಬ್ಬಳು ಹೆಣ್ಣುಮಗಳು ಫೋನ್ ಮಾಡೋಳು. ಭಾಷೆ ತಿಳೀತಿರ್ಲಿಲ್ಲ. ಮಹಾಂತೇಶ, ಮಹಾಂತೇಶ ಅಂತಿದ್ದಳು. ಹೊರದೇಶದ ನಂಬರು ಬಂದ್ರೆ ಮೋಸ, ಕಟ್ ಮಾಡು ಅಂತ ಮೊಮ್ಮಗಳು ಹೇಳಿದ್ದಳು. ಮಾಡಿಬಿಟ್ಟೆ. ಅಮಾಸೆ ದಿನ ಮಾತ್ರ ಗಂಡಸಿನ ದನಿ ಬಂತು, ನಮ್ಮ ಮಾತೇ. ‘ಜಗ್ಗೀ, ಎಮ್ಮೆ ಕರು ಹಾಕ್ತೇನೇ?’ ಅಂತು.”

ಜಗದಾಂಬ ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು.

“ನಾನು ಜಗ್ಗಿ ಅಲ್ಲ ಅನ್ನಾಕೆ ಬಾಯಿ ತೆಗ್ದೆ ಮಗಳೇ. ಆದ್ರೆ ಆ ಉಸಿರು... ನಮ್ಮನೆಯವ್ರು ಹೋಗೋ ಹಿಂದಿನ ದಿನ ಹಂಗೇ ಎಳೀತಿದ್ರು. ಹೂಂ, ಹೆಣ್ಣುಗರು, ಎರಡೂ ಚೆನ್ನಾಗವೆ ಅಂದ್ಬಿಟ್ಟೆ. ‘ನನ್ ಪಾಲಿಂದು ಗಿಣ್ಣ ಇಟ್ಟಿರು’ ಅಂದ್ರು. ಆಮೇಲೆ ಫೋನೇ ಬರಲಿಲ್ಲ. ಈಗ ಹಾಲು ಕಾಸಾಕೆ ಕೂತ್ರೆ ಸಾಕು, ಹಿಂದೆ ನಿಂತು ಕೇಳ್ದಂಗೆ ಆಗ್ತದೆ. ನಾ ಸುಳ್ಳು ಹೇಳಿದ್ದು ತಪ್ಪಾಯ್ತೇನೆ?”

“ಸುಳ್ಳಲ್ಲಮ್ಮ,” ಎಂದಳು ಜಗದಾಂಬ. “ಹೆಣ್ಣುಗರುನೇ ಹಾಕಿತ್ತು.”

ಮುದುಕಿ ಅವಳ ಎರಡೂ ಕೈ ಹಿಡಿದುಕೊಂಡು ಅತ್ತಳು. ಗಂಡನ ದನಿ ಹೇಗಿತ್ತು, ಎಲ್ಲಿ ತಡೆಯಿತು, ಜಗ್ಗೀ ಎಂದು ಎಷ್ಟು ಎಳೆದು ಕರೆದ ಎಂದು ಜಗದಾಂಬ ಮತ್ತೆ ಮತ್ತೆ ಕೇಳಿದಳು. ಬಂಗಾರಮ್ಮ ಬೇಸರಿಸದೆ ಪ್ರತಿ ಸಲವೂ ಹೇಳಿದಳು.

ಹಿಂತಿರುಗುವ ಬಸ್ಸು ಸೊರಬ ಮುಟ್ಟಿತು. ಆನವಟ್ಟಿ ಬಸ್ಸು ಹಿಡಿಯಲು ಅಲ್ಲಿ ಇಳಿಯುವಾಗ ಜಗದಾಂಬ ಮೊದಲ ಸಲ ನೀಲಾಂಬಿಕಳ ಮುಖ ನೋಡಿದಳು.

“ಗಂಡುಗರು ರೀ ಅದು. ಇವರು ಕೇಳಿ ನಾಲ್ಕು ದಿನ ಆದ್ಮೇಲೆ ಹಾಕಿದ್ದು. ಉಳೀಲಿಲ್ಲ.”

ಅಷ್ಟು ಹೇಳಿ ಇಳಿದು ಹೋದಳು. ಮತ್ತೆ ಅಂಗಡಿಯ ಕಡೆ ಬರಲಿಲ್ಲ.

ನೀಲಾಂಬಿಕ ಈಗಲೂ ಕಾರ್ಡು ಬರೆದುಕೊಡುತ್ತಾಳೆ. ಲ್ಯಾಮಿನೇಟ್ ಮಾಡುವ ಮೊದಲು ಅದರಲ್ಲಿ ಬರೆದ ನಂಬರಿಗೆ ಫೋನ್ ಮಾಡಿ, ಎತ್ತಿದವರ ಬಾಯಲ್ಲಿ ಹೊರಡುವವರ ಹೆಸರು ಹೇಳಿಸುತ್ತಾಳೆ. ವಿದೇಶದ ನಂಬರಿನಿಂದ ಕರೆ ಬಂದು ಮನೆಯವರ ಹೆಸರು ಹೇಳಿದರೆ ಕಟ್ ಮಾಡಬೇಡಿ ಎಂದು ಅವರಿಗೂ ಹೇಳುತ್ತಾಳೆ. ಆ ಕಡೆ ರಿಂಗಾಗುತ್ತಿರುವಷ್ಟು ಹೊತ್ತು ಮಾತ್ರ ಎದುರಿಗೆ ಕುಳಿತವರತ್ತ ನೋಡುವುದಿಲ್ಲ. ಯಾರೋ ಕಿವಿಯ ಹತ್ತಿರವೇ ಕಷ್ಟಪಟ್ಟು ಉಸಿರೆಳೆಯುತ್ತಿರುತ್ತಾರೆ.