ಷೇರಣ್ಣನ ಬೆಲೆ ನೀತಿ

ಬೀದಿಯವರೆಲ್ಲ ಅವನನ್ನು ಷೇರಣ್ಣ ಎಂದೇ ಕರೆಯುತ್ತಿದ್ದರು, ಅದೂ ಎದುರಿಗೇ. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಬಾಟಲಿ ಮುಚ್ಚಳದ ಕಾರ್ಖಾನೆಯ ಉಗ್ರಾಣದಲ್ಲಿ ಜೀವಮಾನವೆಲ್ಲ ಮುಚ್ಚಳ ಎಣಿಸಿ ನಿವೃತ್ತನಾದವನನ್ನು ಮುಚ್ಚಳಣ್ಣ ಎನ್ನದೆ ಷೇರಣ್ಣ ಎಂದರಲ್ಲ, ಪುಣ್ಯವಂತರು.

ಅವನ ಬಳಿ ಇದ್ದದ್ದು ಒಂದೇ ಕಂಪನಿಯ ಷೇರು. ಕಿವಿ ಮಂದವಾದವರು ಕಿವಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಮೆಷಿನ್ ಮಾಡುವ ಕಂಪನಿ ಅದು. ದುಡ್ಡು ಮಾತ್ರ ಹೆಂಡತಿಯದು. ಆಕೆ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಕೆಲಸ ಬಿಟ್ಟು ಬರುವಾಗ ಇಡುಗಂಟು ಕೈಗೆ ಬಂದಿತ್ತು. ಷೇರಣ್ಣ ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತ ಆಕೆಗೆ ಇಡೀ ಲೆಕ್ಕಾಚಾರ ಬಿಡಿಸಿ ಹೇಳಿದ.

"ನೋಡೇ, ಲೋಕದಲ್ಲಿ ಮುದುಕರು ಜಾಸ್ತಿ ಆಗ್ತಿದಾರೆ. ಮುದುಕರು ಜಾಸ್ತಿ ಆದ್ರೆ ಕಿವುಡರು ಜಾಸ್ತಿ. ಕಿವುಡರು ಜಾಸ್ತಿ ಆದ್ರೆ ನಾವು ಸಾಹುಕಾರರು. ನಿನ್ನ ದುಡ್ಡು ಬ್ಯಾಂಕಲ್ಲಿ ಸುಮ್ನೆ ಕೊಳೀತಾ ಬಿದ್ದಿದೆ. ಹಾಕ್ಲಾ?"

ಆಕೆ ಅವನ ಮುಖ ನೋಡಿ ನಕ್ಕು ತಲೆಯಾಡಿಸಿದಳು. ಮನೆಖರ್ಚಿಗಿರಲಿ ಎಂದು ಅವಳು ಸಹಿ ಮಾಡಿಟ್ಟಿದ್ದ ಖಾಲಿ ಚೆಕ್ಕು ಮನೆಯಲ್ಲೇ ಇತ್ತು. ಹಾಕಿದ, ಪೂರ್ತಿ ಹಾಕಿದ.

ಅಂದಿನಿಂದ ಅದು "ನಮ್ಮ ಕಂಪನಿ" ಆಯಿತು. ಅವನ ಪಾಲನ್ನು ಲೆಕ್ಕ ಹಾಕಿ ಕೊಟ್ಟಿದ್ದರೆ ಕಂಪನಿ ಗೇಟಿನ ಒಂದು ತಿರುಪು ಮೊಳೆಯೂ ಅವನದಾಗುತ್ತಿರಲಿಲ್ಲ, ಅದು ಬೇರೆ ಮಾತು. ದಿನಾ ಬೆಳಿಗ್ಗೆ ಫೋನಿನಲ್ಲಿ ಷೇರಿನ ಬೆಲೆ ನೋಡುವುದು, ತಿಂಡಿ ತಟ್ಟೆಯ ಮುಂದೆ ಹೆಂಡತಿಗೆ ಪಾಠ ಮಾಡುವುದು, ಕೊನೆಗೆ "ಏನಂತೀಯ?" ಎನ್ನುವುದು. ಆಕೆ ತಲೆಯಾಡಿಸುವಳು. ಇಷ್ಟು ಬುದ್ಧಿವಂತ ಹೆಂಡತಿ ಯಾರಿಗುಂಟು ಎಂದು ಅವನು ಕ್ಷೌರದಂಗಡಿಯಲ್ಲಿ ಹೇಳಿಕೊಂಡದ್ದೂ ಉಂಟು.

ಷೇರು ಮಾತ್ರ ಇದ್ದಲ್ಲೇ ಕೂತುಬಿಟ್ಟಿತ್ತು. ಏಳಲೊಲ್ಲದು, ಬೀಳಲೊಲ್ಲದು. ಕಾರಣ ಷೇರಣ್ಣನಿಗೆ ಗೊತ್ತಿತ್ತು. ಕಂಪನಿಯವರು ಮೆಷಿನನ್ನು ತೀರಾ ಅಗ್ಗಕ್ಕೆ ಮಾರುತ್ತಿದ್ದರು. "ಮಾರಾಟ ನೋಡಿದ್ರೆ ಬೆಟ್ಟದಷ್ಟು, ಲಾಭ ನೋಡಿದ್ರೆ ಸಾಸಿವೆಯಷ್ಟು. ಹೊಳೇಲಿ ಹುಣಸೆಹಣ್ಣು ತೊಳೀತಿದಾರೆ ಕಣೇ," ಎಂದು ಹಲ್ಲು ಕಡಿದ. ಕಂಪನಿಗೆ ಮೇಲ್ ಮೇಲೆ ಮೇಲ್ ಬರೆದ. ಪ್ರತಿ ಸಲವೂ "ತಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು" ಎಂದು ಉತ್ತರ ಬಂತು. ಒಮ್ಮೆ ಅವನು ಬರೆದದ್ದು ಸಲಹೆಯಲ್ಲ, ಶುದ್ಧ ಬೈಗುಳ. ಅದಕ್ಕೂ ಧನ್ಯವಾದ ಬಂತು.

ಕೊನೆಗೆ ಷೇರುದಾರರ ವಾರ್ಷಿಕ ಸಭೆಗೇ ಹೋದ. ದೊಡ್ಡ ಹೋಟೆಲಿನ ಸಭಾಂಗಣ, ಕೆಂಪು ಕುರ್ಚಿ, ಎಲ್ಲರ ಕೈಯಲ್ಲೂ ತಿಂಡಿಯ ಡಬ್ಬಿ. ಮೈಕಿನ ಮುಂದೆ ಸಾಲು ನಿಂತಿತ್ತು. ಅವನ ಮುಂದಿದ್ದ ಹಿರಿಯರು, ಹೋದ ವರ್ಷದ ಡಬ್ಬಿಗಿಂತ ಈ ವರ್ಷದ್ದು ಚಿಕ್ಕದಾಗಿದೆ, ಆಡಳಿತ ಮಂಡಳಿ ಉತ್ತರ ಕೊಡಬೇಕು ಎಂದು ಪಟ್ಟು ಹಿಡಿದಿದ್ದರು. ಅವರನ್ನು ಸಮಾಧಾನ ಮಾಡಿ ಕೂರಿಸಿದ ಮೇಲೆ ಷೇರಣ್ಣನ ಸರದಿ ಬಂತು.

"ಚೇರ್ಮನ್ ಸಾಹೇಬ್ರೇ, ನಾವೇನು ಧರ್ಮಛತ್ರ ನಡೆಸ್ತಿದೀವಾ? ಕಿವಿ ಕೇಳದವನಿಗೆ ಮೆಷಿನ್ ಬೇಕೇ ಬೇಕು. ಅವನು ಚೌಕಾಸಿ ಮಾಡೋಕೆ ಬಂದ್ರೂ ನಾವು ಹೇಳಿದ್ದು ಅವನಿಗೆ ಕೇಳಿಸಲ್ಲ! ಏರಿಸಿ ಬೆಲೆ!"

ಸಭೆಗೆ ಸಭೆಯೇ ನಕ್ಕು ಚಪ್ಪಾಳೆ ತಟ್ಟಿತು. ಷೇರಣ್ಣನ ಬಾಳಿನಲ್ಲಿ ಯಾರಾದರೂ ಅವನಿಗೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ಚೇರ್ಮನ್ ಮುಗುಳ್ನಕ್ಕು, ಪರಿಶೀಲಿಸುತ್ತೇವೆ ಎಂದರು.

ಮುಂದಿನ ತಿಂಗಳುಗಳಲ್ಲಿ ಮೆಷಿನಿನ ಬೆಲೆ ಏರಿತು. ಸುಮ್ಮನೆ ಏರಲಿಲ್ಲ, ಒಂದೂವರೆ ಪಟ್ಟಾಯಿತು. ತನ್ನ ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಎಂದಳಂತೆ ಒಬ್ಬಳು ಮುದುಕಿ. ಷೇರಣ್ಣನೂ ಹಾಗೆಯೇ ಬೀದಿಯುದ್ದಕ್ಕೂ ಹೇಳಿಕೊಂಡು ಬಂದ. ಷೇರೂ ಮೇಲಕ್ಕೆ ಜಿಗಿಯಿತು. "ಈಗ ಮಾರೋದಾ, ಇನ್ನೂ ಕಾಯೋದಾ? ನಾನಂತೂ ಕಾಯೋಣ ಅಂತೀನಿ. ಏನಂತೀಯ?" ಎಂದು ಹೆಂಡತಿಯನ್ನು ಕೇಳಿದ. ಆಕೆ ತಲೆಯಾಡಿಸಿದಳು. ಕಾದ.

ಆ ಹೊತ್ತಿಗೆ ಮಗಳು ಬಂದು ನಾಲ್ಕು ದಿನ ಇದ್ದಳು. ಹೊರಡುವ ಹಿಂದಿನ ದಿನ ಅಪ್ಪನನ್ನು ವರಾಂಡಕ್ಕೆ ಕರೆದು, "ಅಪ್ಪ, ಅಮ್ಮನಿಗೆ ಕಿವಿ ಕೇಳಿಸ್ತಿಲ್ಲ," ಎಂದಳು.

"ಥೂ, ಬಿಡು. ನಾನು ಹೇಳೋದೆಲ್ಲ ಅವಳಿಗೆ ಕೇಳಿಸುತ್ತೆ. ಎಲ್ಲಾದಕ್ಕೂ ಒಪ್ತಾಳೆ."

"ಅಪ್ಪ, ನೀನು ಹೇಳೋದಕ್ಕೆಲ್ಲ ಯಾರಾದ್ರೂ ಒಪ್ತಾರೆ ಅಂದ್ರೆ ನಿನಗೆ ಡೌಟೇ ಬರಲ್ವಾ?"

ಷೇರಣ್ಣನಿಗೆ ಸಿಟ್ಟು ಬಂತು. ಮಗಳ ಬಾಯಿ ಮುಚ್ಚಿಸಬೇಕೆಂದೇ ಅಡುಗೆಮನೆಗೆ ಹೋದ. ಹೆಂಡತಿ ಬೆನ್ನು ಹಾಕಿ ನಿಂತು ತರಕಾರಿ ಹೆಚ್ಚುತ್ತಿದ್ದಳು. "ಲೇ, ಮನೆ ಮಾರ್ಬಿಟ್ಟೆ," ಎಂದ. ಚಾಕು ನಿಲ್ಲಲಿಲ್ಲ. "ನಾಳೆ ಖಾಲಿ ಮಾಡ್ಬೇಕು," ಎಂದು ಇನ್ನಷ್ಟು ಜೋರಾಗಿ ಹೇಳಿದ. ಆಕೆ ಹೆಚ್ಚಿದ್ದನ್ನು ಬಟ್ಟಲಿಗೆ ಹಾಕಿ, ತಿರುಗಿ, ಅವನನ್ನು ಕಂಡು ನಕ್ಕು ತಲೆಯಾಡಿಸಿದಳು. ಷೇರಣ್ಣನಿಗೆ ಆ ನಗು ನೋಡಲಾಗಲಿಲ್ಲ.

ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಎರಡೂ ಕಿವಿಗೆ ಮೆಷಿನ್ ಬೇಕು, ತಡಮಾಡಬೇಡಿ ಎಂದರು. "ಕೇಳದೇ ಇದ್ದ ಶಬ್ದಗಳನ್ನ ಮೆದುಳು ನಿಧಾನಕ್ಕೆ ಮರೆತುಬಿಡುತ್ತೆ. ಆಮೇಲೆ ಎಂಥ ಮೆಷಿನ್ ಹಾಕಿದ್ರೂ ಪ್ರಯೋಜನ ಇರಲ್ಲ."

ಮೆಷಿನ್ ಅಂಗಡಿಯಲ್ಲಿದ್ದವಳು ಚುರುಕಿನ ಹುಡುಗಿ. ಷೇರಣ್ಣ ಬಹಳ ಗತ್ತಿನಿಂದ ನಮ್ಮ ಕಂಪನಿಯದ್ದೇ ತೋರಿಸು ಎಂದ. ಹುಡುಗಿ ಹೆಂಡತಿಯ ಕಿವಿಗೆ ಅದನ್ನು ಸಿಕ್ಕಿಸಿ ಗುಂಡಿ ಒತ್ತಿದಳು. ಆಕೆಯ ಹುಬ್ಬು ಮೇಲೇರಿತು. ಯಾರೋ ಬಾಗಿಲು ತೆಗೆದದ್ದಕ್ಕೆ ಆಕೆ ತಿರುಗಿ ನೋಡಿದಳು. ಆಮೇಲೆ ಹುಡುಗಿ ಬೆಲೆ ಹೇಳಿದಳು. ಅದೂ ಆಕೆಗೆ ಸ್ಪಷ್ಟವಾಗಿ ಕೇಳಿಸಿತು. ಮೆಷಿನನ್ನು ತೆಗೆದು ಮೇಜಿನ ಮೇಲಿಟ್ಟು, "ಬೇಡ ಬಿಡಿ. ನನಗೇನೂ ಅಂಥ ತೊಂದರೆ ಇಲ್ಲ," ಎಂದಳು.

"ಮೊದ್ಲು ಇಷ್ಟಿರಲಿಲ್ಲ ಸಾರ್," ಎಂದಳು ಹುಡುಗಿ. "ಯಾರೋ ಷೇರುದಾರರು ಮೀಟಿಂಗಲ್ಲಿ ಗಲಾಟೆ ಮಾಡಿ ಏರಿಸಿದ್ರಂತೆ. ಬಂದೋರೆಲ್ಲ ಅವರಿಗೆ ಹಿಡಿಶಾಪ ಹಾಕಿ ಹೋಗ್ತಾರೆ. ಬೇರೆ ಕಂಪನೀದು ಇದೆ ನೋಡಿ, ಇದರಷ್ಟೇ ಚೆನ್ನಾಗಿದೆ, ಬೆಲೆ ಅರ್ಧ. ಈಗ ಎಲ್ರೂ ಅದನ್ನೇ ತಗೊಳ್ಳೋದು."

"ನಮ್ಮನೇಲಿ ಆ ಕಂಪನಿ ಹೆಸರೂ ಎತ್ತಲ್ಲ," ಎಂದು ಷೇರಣ್ಣ ಎದ್ದ.

ಅವನ ಯೋಚನೆ ಇಷ್ಟೇ. ಇಡುಗಂಟೆಲ್ಲ ಷೇರಿನಲ್ಲಿ ಕೂತಿದೆ. ಷೇರು ಹಿಂದೆ ಜಿಗಿದಿದ್ದ ಬೆಲೆಯನ್ನು ಇನ್ನೊಂದು ಸಲ ಮುಟ್ಟಲಿ, ಒಂದಿಷ್ಟು ಮಾರಿ ನಮ್ಮದೇ ಮೆಷಿನ್ ಕೊಂಡರಾಯಿತು. ಕೋಲೂ ಮುರಿಯಬಾರದು, ಹಾವೂ ಸಾಯಬೇಕು. ಆದರೆ ಕೊಳ್ಳುವವರೆಲ್ಲ ಇನ್ನೊಂದು ಕಂಪನಿಯ ಕಡೆ ಹೊರಟಿದ್ದರು. ಷೇರು ವಾರಕ್ಕೊಂದು ಮೆಟ್ಟಿಲು ಇಳಿಯುತ್ತಿತ್ತು. ಇಳಿದಷ್ಟೂ ಈಗ ಮಾರಿದರೆ ನಷ್ಟ ಎನ್ನುತ್ತಿದ್ದ. ಮಗಳು ಫೋನ್ ಮಾಡಿ ಮೆಷಿನ್ ಕೊಂಡೆಯಾ ಎಂದರೆ ಮಾರುಕಟ್ಟೆ ಸರಿಯಿಲ್ಲ ಎನ್ನುತ್ತಿದ್ದ. ನಾನು ಕೊಡಿಸುತ್ತೇನೆ ಎಂದರೆ, ಮಗಳ ದುಡ್ಡಲ್ಲಿ ಹೆಂಡತಿಗೆ ಕಿವಿ ಕೊಡಿಸುವಷ್ಟು ಕೆಟ್ಟಿಲ್ಲ ಎಂದು ಗುಡುಗುತ್ತಿದ್ದ. ಜಂಬಕ್ಕೇನು ಕಡಿಮೆಯಿರಲಿಲ್ಲ ಮಹಾರಾಯನಿಗೆ. ತಿಂಡಿಯ ಹೊತ್ತಿನ ಪಾಠ ಮಾತ್ರ ನಿಂತುಹೋಗಿತ್ತು. ಮನೆಯಲ್ಲಿ ಫ್ಯಾನಿನ ಕಿರುಗುಟ್ಟುವಿಕೆ ಬಿಟ್ಟು ಬೇರೆ ಸದ್ದಿರಲಿಲ್ಲ. ಅದೂ ಅವನೊಬ್ಬನಿಗೇ.

ಒಂದು ಸಂಜೆ ಇಬ್ಬರೂ ಔಷಧಿ ಅಂಗಡಿಗೆ ಹೊರಟಿದ್ದರು. ಷೇರಣ್ಣ ಫೋನಿನಲ್ಲಿ ಬೆಲೆ ನೋಡುತ್ತ ಹಿಂದೆ ಉಳಿದ. ಆಕೆ ಮುಂದೆ ನಡೆದು ರಸ್ತೆ ದಾಟಲು ಇಳಿದಳು. ಸಾಮಾನಿನ ವ್ಯಾನೊಂದು ಹಾರನ್ ಹೊಡೆಯುತ್ತ ಬಂತು. ಇಡೀ ಬೀದಿ ತಿರುಗಿ ನೋಡಿತು, ಆಕೆಯೊಬ್ಬಳನ್ನು ಬಿಟ್ಟು. ಷೇರಣ್ಣ "ಲೇ!" ಎಂದು ಕೂಗಿದ. ಕೂಗಿ ಏನು ಬಂತು? ವ್ಯಾನು ಕಿರ್ರೆಂದು ನಿಂತಿತು. ಅದರ ಅಂಚು ತಗುಲಿ ಆಕೆ ಬಿದ್ದಳು.

ಮೊಣಕೈ ತರಚಿತ್ತು, ಮಂಡಿ ಊದಿತ್ತು, ಮೂಳೆ ಮುರಿದಿರಲಿಲ್ಲ. ಡ್ರೈವರ್ ತಲೆ ಹೊರಗೆ ಹಾಕಿ, "ಏನಮ್ಮ, ಕಿವಿ ಕೇಳ್ಸಲ್ವಾ?" ಎಂದು ಅರಚಿದ.

"ಕೇಳ್ಸಲ್ಲ ಕಣಯ್ಯ," ಎಂದ ಷೇರಣ್ಣ, ಹೆಂಡತಿಯ ತೋಳು ಹಿಡಿದುಕೊಂಡು. "ಅವಳಿಗೆ ಕೇಳ್ಸಲ್ಲ. ತಪ್ಪು ನಂದು."

ಆಕೆಯನ್ನು ಮನೆಗೆ ಕರೆತಂದು, ಗಾಯ ತೊಳೆದು, ಮಾರನೆಯ ಬೆಳಿಗ್ಗೆ ಮಾರುಕಟ್ಟೆ ತೆರೆಯುತ್ತಲೇ ಷೇರನ್ನೆಲ್ಲ ಮಾರಿದ. ಅಂದಿನ ಬೆಲೆ ಎಂದರೆ ಪಾತಾಳ. ಹಾಕಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಕೈಗೆ ಬಂತು. ಹೆಂಡತಿಯನ್ನು ಕರೆದುಕೊಂಡು ಮೆಷಿನ್ ಅಂಗಡಿಗೆ ಹೋಗಿ, "ಆ ಬೇರೆ ಕಂಪನೀದೇ ಕೊಡಮ್ಮ," ಎಂದ. ಷೇರು ವ್ಯವಹಾರಕ್ಕಿಳಿದ ಮೇಲೆ ಅವನು ಬುದ್ಧಿ ಉಪಯೋಗಿಸಿ ಕೊಂಡ ಮೊದಲ ವಸ್ತು ಅದು.

ಮೆಷಿನ್ ಹಾಕಿಕೊಂಡು ಮನೆಗೆ ಬಂದ ಆಕೆ ಚಾವಣಿ ನೋಡಿದಳು. "ಈ ಫ್ಯಾನು ಇಷ್ಟೊಂದು ಕಿರುಚುತ್ತಾ! ಯಾವಾಗಿಂದ?"

"ಎರಡು ವರ್ಷ ಆಯ್ತು."

"ಹೇಳಬಾರದಾ?"

"ಹೇಳಿದ್ದೆ," ಎಂದ ಷೇರಣ್ಣ.

ಆಕೆ ಕುರ್ಚಿ ಎಳೆದುಕೊಂಡು ಅವನೆದುರು ಕೂತಳು. "ಇದಕ್ಕೆ ದುಡ್ಡು ಎಲ್ಲಿಂದ ತಂದ್ರಿ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆಕೆ ಅಷ್ಟು ಗಮನವಿಟ್ಟು ಕೇಳುತ್ತಿದ್ದದ್ದು ಕಂಡು ಅವನಿಗೆ ಧೈರ್ಯವಾಗಲಿಲ್ಲ. ಮುದುಕರು, ಕಿವುಡರು, ಚಪ್ಪಾಳೆ, ಏರಿದ ಬೆಲೆ, ಇಳಿದ ಷೇರು, ಎಲ್ಲ ಹೇಳಿದ. ಹಿಂದೆ ಉತ್ಸಾಹದಿಂದ ಹೇಳಿದ್ದನ್ನೇ ಈಗ ತಪ್ಪೊಪ್ಪಿಗೆಯಂತೆ ಹೇಳಿದ.

"ನನ್ನ ದುಡ್ಡು," ಎಂದಳು ಆಕೆ. "ಅಷ್ಟು ವರ್ಷ ಸೀಮೆಸುಣ್ಣದ ಪುಡಿ ಕುಡಿದು ಕೂಡಿಟ್ಟ ದುಡ್ಡು. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳ್ದೆ ಕಣೇ! ಒಂದೊಂದಕ್ಕೂ ಕೇಳ್ದೆ. ನೀನು ತಲೆ ಆಡಿಸ್ದೆ."

"ಕೇಳಿದ್ರಿ. ಉತ್ತರಕ್ಕೆ ಕಾದ್ರಾ? ನಾನು ಬಾಯಿಬಿಟ್ಟು ಏನಾದ್ರೂ ಹೇಳಿದ್ದು ನಿಮಗೆ ನೆನಪಿದ್ಯಾ?"

ಷೇರಣ್ಣ ನೆನಪು ಮಾಡಿಕೊಂಡ. ಇರಲಿಲ್ಲ.

"ನಿಮ್ಮ ಮುಖ ಅಷ್ಟು ಖುಷಿಯಾಗಿರ್ತಿತ್ತು. ಏನೋ ಒಳ್ಳೇದೇ ಹೇಳ್ತಿದಾರೆ, ಯಾಕೆ ಅಡ್ಡ ಬರೋದು ಅಂತ ಸುಮ್ನಿದ್ದೆ."

"ಕಿವಿ ಕೇಳಿಸ್ತಿಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲೇ! ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಖರ್ಚಲ್ವಾ? ನನಗೇನು, ಹೇಗೋ ಆಗುತ್ತೆ. ಆ ದುಡ್ಡು ಮುಟ್ಟೋದು ಬೇಡ, ನಾಳೆ ನಿಮಗೇ ಏನಾದ್ರೂ ಆದ್ರೆ ಆಸ್ಪತ್ರೆಗೆ ಬೇಕಾಗುತ್ತೆ ಅನ್ಕೊಂಡೆ."

ಷೇರಣ್ಣ ಎದ್ದು ಕಿಟಕಿಯ ಕಡೆ ಹೋಗಿ ಬೆನ್ನು ತಿರುಗಿಸಿ ನಿಂತ. ಅಳು ಬಂತು. ಬೆನ್ನು ಹಾಕಿ ನಿಂತರೆ ಎಂದಿನಂತೆ ಆಕೆಗೆ ಗೊತ್ತಾಗುವುದಿಲ್ಲ ಎಂದುಕೊಂಡು ಅತ್ತುಬಿಟ್ಟ. ಆದರೆ ಆಕೆಗೆ ಈಗ ಕೇಳಿಸುತ್ತಿತ್ತು.