ಅನುಪಿನಲ್ಲಿ ಹೇಳಿದ ಒಡಪು

ಬೆಳಗಿನ ತಂಪಿನಲ್ಲೇ ವಿಜಯವಾಡ ಬಿಟ್ಟ ಕಾರು ಅನುಪು ತಲುಪುವಾಗ ದೂರದ ನೀರಿನ ಮೇಲೆ ಬಿಸಿಲು ಕೆನೆಗಟ್ಟಿತ್ತು. ದಾರಿಯುದ್ದಕ್ಕೂ ತೂಕಡಿಸಿದ್ದ ಅಕ್ಕಮ್ಮನಿಗೆ ಇಳಿದ ಮೇಲೂ ಮಂಪರು ಬಿಟ್ಟಿರಲಿಲ್ಲ. ಎದುರಿಗೆ ಹಳೆಯ ಬಯಲು ರಂಗಮಂದಿರ; ಸುತ್ತ ಏರಿದ ಮೆಟ್ಟಿಲು, ನಡುವೆ ಅಂಗಳ. ಅಣೆಕಟ್ಟಿನ ನೀರು ನುಂಗುವ ಮೊದಲೇ ಎತ್ತಿ ತಂದು ಇಲ್ಲಿ ಕಟ್ಟಿದರಂತೆ. ಗ್ರೀಕರ ದೇಶದಲ್ಲೂ ಇಂಥವೇ ಇವೆಯಂತೆ. ಹಾಗೆಂದವನು ಗೋಪಾಲಕೃಷ್ಣ, ವಿಜಯವಾಡದ ಬ್ಯಾಂಕಿನಲ್ಲಿ ಅಧಿಕಾರಿ. ಅವನ ಹೆಂಡತಿ ವಿಜಯಲಕ್ಷ್ಮೀ ವಿಶಾಖಪಟ್ಟಣದಲ್ಲಿದ್ದಾಗ ಅಕ್ಕಮ್ಮನ ಪಕ್ಕದ ಮನೆಯವಳು.

ಅಕ್ಕಮ್ಮನ ಗಂಡ ಉಮಾಶಂಕರ ಆಗಲೇ ಮೇಲಿನ ಮೆಟ್ಟಿಲು ಹತ್ತಿ ಕೂತಿದ್ದ. ನೌಕಾಪಡೆಯ ಹಡಗಿನ ಎಂಜಿನ್ ರೂಮಿನಲ್ಲಿ ಸವೆದ ಕಿವಿ, ನಿವೃತ್ತಿಯಾದ ಮೇಲೆ ಪೂರಾ ಮಂದವಾಗಿತ್ತು. ಕಿವಿಯ ಮಷೀನು ಗುಂಯ್‌ಗುಡುತ್ತದೆಂದು ಜೇಬಿನಲ್ಲೇ ಇಡುತ್ತಿದ್ದ. ಕೂಗಿ ಕೂಗಿ ಸೋತ ಅಕ್ಕಮ್ಮ ಈಗ ಊಟಕ್ಕೂ ಸನ್ನೆಯಲ್ಲೇ ಕರೆಯುತ್ತಿದ್ದಳು. ಕೂಗದೆ ಆಡಿದ ಒಂದು ಮಾತು ಅವನಿಗೆ ಮುಟ್ಟಬೇಕು; ಅವಳಿಗಿದ್ದ ಆಸೆ ಅದೊಂದೇ.

“ನಡುವೆ ನಿಂತು ಪಿಸುಗುಟ್ಟಿದ್ರೂ ಮೇಲಿನವ್ರಿಗೆ ಕೇಳ್ಸತ್ತಂತೆ ಅಕ್ಕಾ,” ಎನ್ನುತ್ತ ವಿಜಯಲಕ್ಷ್ಮೀ ಅಂಗಳದಲ್ಲಿ ನಿಂತು ಮೆಲ್ಲಗೆ “ರೀ” ಎಂದಳು. ಗೋಪಾಲಕೃಷ್ಣ ತಿರುಗಿದ. ಅತ್ತ ಚಿತ್ರಾನ್ನ ತಿನ್ನುತ್ತಿದ್ದ ಅಪರಿಚಿತ ಗಂಡಸೊಬ್ಬನೂ ತಿರುಗಿದ. ಉಮಾಶಂಕರ ಮಾತ್ರ ನೀರು ನೋಡುತ್ತಲೇ ಇದ್ದ.

“ಊರಿನ ಗಂಡಸರೆಲ್ಲ ನಿನ್ನ ‘ರೀ’ಗೇ ಕಾಯ್ತಾ ಕೂತಿದ್ದಾರೆ,” ಎಂದು ಗೋಪಾಲಕೃಷ್ಣ ನಕ್ಕ. “ಅಕ್ಕಮ್ಮನೋರೆ, ನೀವು ಹೆಸರು ಹಿಡಿದೇ ಕರೀರಿ.”

“ಹೆಸರು ಹೆಂಗ ಹಿಡೀಲೆಪ್ಪಾ? ಲಗ್ನದಾಗ ಒಡಪಿನ್ಯಾಗ ಒಮ್ಮೆ ಹಿಡದದ್ದು, ಅಷ್ಟ.”

ಧಾರವಾಡ ಸೀಮೆಯ ಅವಳು ಗಂಡನ ಹೆಸರನ್ನು ಬರಿದೆ ಆಡುವಂತಿರಲಿಲ್ಲ. ಪ್ರಾಸದ ಒಡಪಿನೊಳಗೆ ಸೇರಿಸಿದರೆ ನಡೆಯುತ್ತಿತ್ತು.

“ಹಾಗಾದ್ರೆ ಒಡಪೇ ಚೆಪ್ಪಂಡಿ, ಹೇಳಿ ಅಕ್ಕಾ,” ವಿಜಯಲಕ್ಷ್ಮೀ ಬಿಡಲಿಲ್ಲ. “ಇಲ್ಲಿ ನಿಮ್ಮ ಅತ್ತೆ ಇದ್ದಾರಾ ಕೇಳೋಕೆ?”

ಅಕ್ಕಮ್ಮ ಸೆರಗು ಹೊದ್ದು ನಡುವೆ ನಿಂತಳು. ಸುತ್ತಲಿನ ಮೆಟ್ಟಿಲು ತನ್ನನ್ನು ಬೊಗಸೆಯಲ್ಲಿ ಹಿಡಿದಂತೆ ಅನಿಸಿತು. ಬಾಯಿಗೆ ಬಂದದ್ದನ್ನು ತನಗೇ ಹೇಳಿಕೊಳ್ಳುವಂತೆ ಆಡಿದಳು:

“ಸಿಂಹಾಚಲದ ಸ್ವಾಮಿಗೆ ಮೈತುಂಬ ಗಂಧ,
ಉಮಾಶಂಕರರು ನಕ್ಕರ ಮನಿಗೆಲ್ಲ ಚೆಂದ.”

ಮಾತು ಬಾಯಿಂದ ಹೊರಟದ್ದು ಗೊತ್ತಾಯಿತು, ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಮೇಲೆ ಉಮಾಶಂಕರ ಮುಖ ತಿರುಗಿಸಿದ. ಹಿಂದೆ ನೋಡಿದ, ಪಕ್ಕ ನೋಡಿದ, ಆಮೇಲೆ ಕೆಳಗೆ.

ಅವಳು ಮೆಟ್ಟಿಲು ಹತ್ತಿ ಹೋಗಿ ಪಕ್ಕದಲ್ಲಿ ಕೂತಳು.

“ಯಾರೋ ನನ್ನ ಹೆಸರು ಹಿಡದಂಗಾತು,” ಎಂದ ಅವನು. “ನೀನ ಏನು?”

ಅವಳು ಹೌದೆಂದು ತಲೆಯಾಡಿಸಿದಳು.

“ಇನ್ನೊಮ್ಮೆ ಅನ್ನು.”

ಅಕ್ಕಮ್ಮ ಬಾಯಿ ತೆರೆದಳು. ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತಾಗ ನಾಲಿಗೆ ಏಳಲೊಲ್ಲದು. ನಾಚಿಕೆಯಿಂದ ಎದ್ದು, ಸೀರೆಯ ನಿರಿಗೆ ಹಿಡಿದುಕೊಂಡು, ಮತ್ತೆ ಅಂಗಳಕ್ಕೆ ಇಳಿಯತೊಡಗಿದಳು. ಉಮಾಶಂಕರ ನೀರಿಗೆ ಬೆನ್ನು ಮಾಡಿ ಕೂತು ಕಾದ.